ಲಿಫ್ಟಕ್ಕ ಹೊಸ ಫೋನು ಆರಿಸಿದ್ದು

ಎಲ್ಲರೂ ಲಿಫ್ಟಕ್ಕ ಎಂದು ಕರೆಯುತ್ತಿದ್ದ ಆ ಹೆಂಗಸು ಜೀವಮಾನದಲ್ಲಿ ಒಂದು ಸಲವೂ ಲಿಫ್ಟು ಹತ್ತಿದವಳಲ್ಲ. ಇದು ಗೊತ್ತಿದ್ದದ್ದು ಅವಳ ತಮ್ಮನಿಗೆ ಮತ್ತು ತಮ್ಮನ ಕೈಕೆಳಗಿನ ಮೆಕ್ಯಾನಿಕ್ಕಿಗೆ ಮಾತ್ರ. ತಮ್ಮ ನಡೆಸುತ್ತಿದ್ದದ್ದು ಲಿಫ್ಟ್ ರಿಪೇರಿಯ ಸಣ್ಣ ಕಂಪನಿ. ಆಫೀಸು ಮೂರನೇ ಮಹಡಿಯಲ್ಲಿ ಒಂದೇ ಕೋಣೆ. ಆ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುವವರೂ ಇವರೇ. ಆದರೂ ಅಕ್ಕ ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದುಕೊಂಡು ಉಸ್ಸಪ್ಪಾ ಎನ್ನುತ್ತ ಮೆಟ್ಟಿಲು ಹತ್ತಿಯೇ ಬರುತ್ತಿದ್ದಳು. ಯಾರಾದರೂ ಕೇಳಿದರೆ "ಮಂಡಿಗೆ ಒಳ್ಳೇದು ಅಂತ ಡಾಕ್ಟ್ರು ಹೇಳಿದ್ದಾರೆ" ಎನ್ನುತ್ತಿದ್ದಳು. ಡಾಕ್ಟರು ಹೇಳಿದ್ದು ಇದರ ತದ್ವಿರುದ್ಧ.

ಅವಳ ಕೆಲಸ ಫೋನು ಎತ್ತುವುದು. ಕಂಪನಿ ನೋಡಿಕೊಳ್ಳುವ ಪ್ರತಿಯೊಂದು ಲಿಫ್ಟಿನೊಳಗೂ ಗುಂಡಿಗಳ ಪಕ್ಕ ಒಂದು ಕೆಂಪು ಸ್ಟಿಕ್ಕರು, ಅದರಲ್ಲಿ ಆಫೀಸಿನ ನಂಬರು. ನಡುದಾರಿಯಲ್ಲಿ ಸಿಕ್ಕಿಕೊಂಡವರು ಫೋನು ಮಾಡಿದರೆ ಅಕ್ಕ ಎತ್ತಬೇಕು, ಮೆಕ್ಯಾನಿಕ್ಕನ್ನು ಓಡಿಸಬೇಕು. ಸಂಬಳಕ್ಕೆ ಇಷ್ಟು ಸಾಕಿತ್ತು. ಆದರೆ ಅಕ್ಕ ಅಷ್ಟಕ್ಕೇ ಬಿಡುವ ಪೈಕಿಯಲ್ಲ. ಬಾಗಿಲು ತೆರೆಯುವ ತನಕ ಒಳಗಿದ್ದವರ ಜೊತೆ ಮಾತಾಡುತ್ತಲೇ ಇರಬೇಕು ಎನ್ನುವುದು ಅವಳೇ ಮಾಡಿಕೊಂಡ ಕಾನೂನು. ಮಕ್ಕಳೆಷ್ಟು, ಇವತ್ತು ಏನು ಅಡುಗೆ, ಸೊಸೆ ಹೇಗೆ ನೋಡಿಕೊಳ್ಳುತ್ತಾಳೆ? ಸೊಸೆಯ ಮಾತು ಬಂತೆಂದರೆ ಎಂಥವರಿಗೂ ಲಿಫ್ಟಿನ ಭಯ ಮರೆತುಹೋಗುತ್ತಿತ್ತು. ಒಳಗಿದ್ದವರು ಇವಳನ್ನು ಯಾವುದೋ ದೊಡ್ಡ ಕಂಟ್ರೋಲ್ ರೂಮಿನ ಅಧಿಕಾರಿ ಎಂದುಕೊಂಡಿರುತ್ತಿದ್ದರು. ಅಧಿಕಾರಿ ಇತ್ತ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬಟಾಣಿ ಬಿಡಿಸುತ್ತಿರುತ್ತಿದ್ದಳು.

"ಮೆಕ್ಯಾನಿಕ್ ಎಲ್ಲಿದ್ದಾರೆ?" ಎಂದು ಕೇಳದವರಿಲ್ಲ. ಅದಕ್ಕೆ ಅಕ್ಕನ ಹತ್ತಿರ ಒಂದೇ ಉತ್ತರ.

"ಬಂದೇಬಿಟ್ರು. ನಿಮ್ಮ ರಸ್ತೆ ತಿರುವಿನಲ್ಲೇ ಇದ್ದಾರೆ."

ಮೆಕ್ಯಾನಿಕ್ ಆಗ ಎಲ್ಲೋ ದೂರದಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸುತ್ತಿರಬಹುದು, ಇಲ್ಲವೇ ಅವಳ ಎದುರಿಗೇ ಕೈಗೆ ಸೋಪು ಹಚ್ಚಿಕೊಂಡು ನಿಂತಿರಬಹುದು. ಅದು ಬೇರೆ ವಿಷಯ. ಇದನ್ನು ಸುಳ್ಳು ಅಂದರೆ ಅಕ್ಕ ಸುತರಾಂ ಒಪ್ಪುತ್ತಿರಲಿಲ್ಲ. "ಬರೋದಂತೂ ಬರ್ತಾನಲ್ಲ, ಸ್ವಲ್ಪ ಮುಂಚೆ ಹೇಳಿದ್ರೆ ಏನು ಗಂಟು ಹೋಗುತ್ತೆ?" ಎನ್ನುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ, ಮನೆಯಲ್ಲಿ ಕೂತು ಕೊರಗುವ ಬದಲು ಆಫೀಸಿನಲ್ಲಿ ಕೂರಲಿ ಎಂದು ತಮ್ಮ ಹಾಕಿಕೊಟ್ಟ ಕುರ್ಚಿ ಅದು. ಅಕ್ಕ ಅದನ್ನು ಸಿಂಹಾಸನ ಮಾಡಿಕೊಂಡಳು. ಅವಳ ಜಂಬವೆಲ್ಲ ಒಂದೇ ಮಾತಿನ ಮೇಲೆ ನಿಂತಿತ್ತು: ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ತಾನು ಇಷ್ಟು ವರ್ಷದಲ್ಲಿ ಒಬ್ಬಂಟಿಯಾಗಿ ಬಿಟ್ಟದ್ದೇ ಇಲ್ಲ. ಈ ಜಂಬದ ಹಿಂದೆ ಒಂದು ಬಟ್ಟೆ ಬೀರು ಇತ್ತು. ಸಣ್ಣವಳಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಅದರೊಳಗೆ ಹೊಕ್ಕು, ಚಿಲಕ ಬಿದ್ದು, ಗಂಟಲು ಹರಿಯುವಂತೆ ಕೂಗಿಕೊಂಡಿದ್ದಳು. ಕತ್ತಲೆಯನ್ನು ಅವಳು ತಡೆದುಕೊಂಡಳು. ತಡೆಯಲಾಗದೇ ಹೋದದ್ದು ಆ ಕಡೆಯಿಂದ ಯಾರೂ ಓಗೊಡದೇ ಇದ್ದದ್ದು. ಆವತ್ತಿನಿಂದ ಅವಳಿಗೆ ಬಾಗಿಲು ಮುಚ್ಚಿಕೊಳ್ಳುವ ಯಾವ ಪೆಟ್ಟಿಗೆಯೂ ಆಗದು.

ಅವಳಿಗೆ ತೀರಾ ಖಾಯಂ ಗಿರಾಕಿ ಎಂದರೆ ರಿಟೈರಾದ ಒಬ್ಬ ಲೆಕ್ಕದ ಮೇಷ್ಟ್ರು. ಮೂರು ಬೀದಿ ಆಚೆ, ಜಾಲರಿ ಬಾಗಿಲಿನ ಓಬೀರಾಯನ ಕಾಲದ ಲಿಫ್ಟಿದ್ದ ಕಟ್ಟಡದಲ್ಲಿ ಅವರ ವಾಸ. ಆ ಲಿಫ್ಟು ಮನಸ್ಸು ಬಂದಾಗ ನಿಲ್ಲುತ್ತಿತ್ತು, ಮೇಷ್ಟ್ರೂ ಸರಿಯಾಗಿ ಅದೇ ಹೊತ್ತಿಗೆ ಹತ್ತುತ್ತಿದ್ದರು. "ನಾನೇ ಕಣಮ್ಮ, ಮತ್ತೆ" ಎನ್ನುತ್ತಿದ್ದರು. ಮುಖ ನೋಡಿದವರಲ್ಲದಿದ್ದರೂ ಅಕ್ಕನಿಗೆ ಅವರ ಬಿಪಿ ಮಾತ್ರೆಯ ಬಣ್ಣ ಗೊತ್ತಿತ್ತು, ಅವರಿಗೆ ಅಕ್ಕನ ಮಂಡಿನೋವಿನ ಪೂರ್ತಿ ಚರಿತ್ರೆ ಗೊತ್ತಿತ್ತು.

ಇಷ್ಟಾದರೂ ಹಳೇ ಫೋನಿನಲ್ಲಿ ಒಂದು ಕೊರತೆಯಿತ್ತು. ಕರೆಂಟು ಹೋದರೆ ಲಿಫ್ಟುಗಳು ಒಟ್ಟೊಟ್ಟಿಗೇ ನಿಲ್ಲುತ್ತಿದ್ದವು. ಫೋನು ಮಾತ್ರ ಒಂದೇ. ಒಬ್ಬರ ಜೊತೆ ಮಾತಾಡುತ್ತಿದ್ದರೆ ಇನ್ನೊಬ್ಬರಿಗೆ ಎಂಗೇಜು. ಅಕ್ಕ ಇವರನ್ನು ಇಟ್ಟು ಅವರನ್ನು ಹಿಡಿದು, ಅವರನ್ನು ಬಿಟ್ಟು ಇವರನ್ನು ಕರೆದು, ಒಬ್ಬರ ಸೊಸೆಯನ್ನು ಇನ್ನೊಬ್ಬರಿಗೆ ಅಂಟಿಸಿ ಹೇಗೋ ಸಂಭಾಳಿಸುತ್ತಿದ್ದಳು.

ಹೀಗಿರುವಾಗ ಒಬ್ಬ ಬಿಲ್ಡರ್ ಸಾಲಾಗಿ ಟವರುಗಳನ್ನು ಎಬ್ಬಿಸುತ್ತಿರುವ ಸುದ್ದಿ ಹಿಡಿದು ತಮ್ಮ ಅವನ ಬಳಿಗೆ ಓಡಿದ. ಬಿಲ್ಡರ್ ಕೇಳಿದ್ದು ಒಂದೇ ಮಾತು: "ನಿಮಗೆ ಕಾಲ್ ಸೆಂಟರ್ ಇದೆಯಾ?" ಇದೆ ಎಂದು ಹೇಳಿ ಬಂದ ತಮ್ಮ ಅಕ್ಕನ ಮುಂದೆ ಕೂತ.

"ಅಕ್ಕ, ಇನ್ಮೇಲೆ ನೀನೇ ಕಾಲ್ ಸೆಂಟರ್."

"ಇಷ್ಟು ದಿನ ಏನಾಗಿದ್ನೋ?"

"ಹಾಗಲ್ಲ. ಇಂಟರ್ನೆಟ್ ಫೋನ್ ಹಾಕಿಸೋಣ. ಒಂದೇ ಸಲ ಎಷ್ಟು ಕರೆ ಬಂದ್ರೂ ತಗೊಳುತ್ತೆ. ಫೋನ್ ಮಾಡಿದವರಿಗೆ ಮೊದಲು ಒಂದು ಹೆಣ್ಣಿನ ದನಿ ಸ್ವಾಗತ ಹೇಳುತ್ತೆ. ಹೊಸ ಲಿಫ್ಟು ಬೇಕಾದ್ರೆ ಒಂದು ಒತ್ತಿ, ಸರ್ವಿಸಿಂಗ್‌ಗೆ ಎರಡು ಒತ್ತಿ, ಬಿಡಿಭಾಗಕ್ಕೆ ಮೂರು..."

"ಸಿಕ್ಕಿಕೊಂಡವರು?"

ತಮ್ಮ ಬೆರಳು ಮಡಚುತ್ತ ಲೆಕ್ಕ ಹಾಕಿದ. "ಏಳು."

"ಲೋ, ಲಿಫ್ಟೊಳಗೆ ಸಿಕ್ಕಿಕೊಂಡವನಿಗೆ ಇರೋ ಗುಂಡಿಯೆಲ್ಲ ಒತ್ತಿ ಒತ್ತಿ ಬೆರಳೇ ನೋಯ್ತಿರುತ್ತೆ. ಅವನಿಗೆ ಇನ್ನೂ ಒತ್ತು ಅಂತೀಯಾ?"

ಸ್ವಾಗತದ ಹೆಣ್ಣು ಅಲ್ಲಿಗೇ ಸತ್ತಳು. ಆದರೆ ಒಂದೇ ಸಲ ಎಷ್ಟು ಕರೆ ಬೇಕಾದರೂ ಎನ್ನುವ ಮಾತು ಅಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತು. ಇನ್ನು ಯಾರಿಗೂ ಎಂಗೇಜು ಟೋನು ಕೇಳಿಸುವುದಿಲ್ಲ. ಫೋನು ಆರಿಸುವ ಅಧಿಕಾರ ತನಗೇ ಬೇಕು ಎಂದಳು. ತಮ್ಮ ಕೊಟ್ಟ. ಕೊಡದೆ ಇನ್ನೇನು ಮಾಡಿಯಾನು?

ಫೋನಿನ ಕಂಪನಿಗಳವರು ಒಬ್ಬೊಬ್ಬರಾಗಿ ಬರತೊಡಗಿದರು. ಅಕ್ಕ ಹಣೆಗೆ ಕನ್ನಡಕ ಏರಿಸಿಕೊಂಡು ಪರೀಕ್ಷೆಗೆ ಕೂತಳು. ಮೊದಲನೆಯವನ ಫೋನಿಗೆ ಕೈಯಗಲದ ಬಣ್ಣದ ಪರದೆ, ಅದರಲ್ಲಿ ಮಾತಾಡುವವರ ಮುಖವೂ ಕಾಣುತ್ತಿತ್ತು. "ಅವರಿಗೂ ನಾನು ಕಾಣ್ತೀನಾ?" ಎಂದು ಕೇಳಿದಳು. ಕಾಣ್ತೀರಿ ಮೇಡಂ ಎಂದ. ಬಟಾಣಿಯ ಪಾತ್ರೆಯ ಕಡೆ ಒಮ್ಮೆ ನೋಡಿ ಅವನನ್ನು ವಾಪಸು ಕಳಿಸಿದಳು. ಎರಡನೆಯವನು ತನ್ನ ಫೋನಿನಲ್ಲಿ ಕಾಯುವವರಿಗೆ ಸಂಗೀತ ಕೇಳಿಸುವ ಸೌಲಭ್ಯವಿದೆ ಎಂದು ಕೊಳಲಿನ ತುಣುಕೊಂದನ್ನು ನುಡಿಸಿ ತೋರಿಸಿದ. "ಉಸಿರು ಕಟ್ತಿರೋವಾಗ ಕೊಳಲು ಕೇಳಿಸ್ತೀರಲ್ಲ, ನಿಮಗೆ ಮನೆಯಲ್ಲಿ ಹಿರಿಯರು ಯಾರೂ ಇಲ್ವಾ?" ಎಂದಳು. ಅವನೂ ಹೋದ.

ಬಾಯಿಮಾತಿಗೆ ಬೀಳದವರಿಗೆ ಇನ್ನೊಂದು ಪರೀಕ್ಷೆಯಿತ್ತು. ನೆಲಮಹಡಿಯ ಗೋದಾಮಿನಲ್ಲಿ, ಯಾವುದೋ ಕಟ್ಟಡದಿಂದ ಬಿಚ್ಚಿ ತಂದ ಹಳೆಯ ಲಿಫ್ಟಿನ ಡಬ್ಬವೊಂದು ನಿಂತಿತ್ತು. ಫೋನು ಮಾರಲು ಬಂದವನು ಅದರೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ತನ್ನ ಮೊಬೈಲಿನಿಂದ ಮೂರನೇ ಮಹಡಿಯ ಹೊಸ ಫೋನಿಗೆ ಕರೆ ಮಾಡಬೇಕು, ಸಿಕ್ಕಿಕೊಂಡವನ ಹಾಗೆ ಮಾತಾಡಬೇಕು. ತಗಡಿನ ಡಬ್ಬದಿಂದ ಬರುವ ದನಿ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂದು ಅಕ್ಕ ನೋಡುತ್ತಿದ್ದಳು. ಬಹಳಷ್ಟು ಜನ ಅಲ್ಲೇ ಎಡವಿದರು. "ಹೆದರಿಕೊಂಡು ಮಾತಾಡ್ರೀ" ಎಂದು ಗದರಿದರೂ ಅವರು ಫೋನಿನ ಗುಣಗಾನವನ್ನೇ ಮಾಡುತ್ತಿದ್ದರು. ಮಾರುವವನಿಗೆ ಭಯದ ನಟನೆ ಬರುವುದಿಲ್ಲ.

ಕೊನೆಗೆ ಬಂದವನು ಟೈ ಕಟ್ಟಿಕೊಂಡಿದ್ದ ಸಂಕೋಚದ ಆಸಾಮಿ. ಅವನು ಡಬ್ಬದೊಳಗೆ ಹೋದದ್ದೇ ತಡ, ತುಕ್ಕು ಹಿಡಿದ ಬಾಗಿಲು ನಿಜಕ್ಕೂ ಕಚ್ಚಿಕೊಂಡಿತು. ಮೂರನೇ ಮಹಡಿಯಲ್ಲಿ ಫೋನು ಹೊಡೆದುಕೊಂಡಿತು.

"ಮೇಡಂ, ಬಾಗಿಲು ಬರ್ತಾ ಇಲ್ಲ. ನಿಜವಾಗ್ಲೂ ಬರ್ತಾ ಇಲ್ಲ ಮೇಡಂ. ನನಗೆ ಎದೆ ಹೊಡ್ಕೋತಿದೆ."

ಅಕ್ಕನ ಮುಖ ಅರಳಿತು. ಆಹಾ, ಏನು ದನಿ! ಅವನು ಎಂಜಲು ನುಂಗಿದ್ದು ಕೂಡ ಕೇಳಿಸುತ್ತಿತ್ತು. "ಗಾಬರಿಯಾಗಬೇಡಪ್ಪ. ಟೈ ಸಡಿಲ ಮಾಡ್ಕೋ. ಮದುವೆಯಾಗಿದೆಯಾ? ಮೆಕ್ಯಾನಿಕ್ ಬಂದೇಬಿಟ್ರು, ತಿರುವಿನಲ್ಲೇ ಇದ್ದಾರೆ" ಎಂದಳು. ಮೆಕ್ಯಾನಿಕ್ ಗೋದಾಮಿನಲ್ಲಿ ಡಬ್ಬದ ಹೊರಗೇ ಸುತ್ತಿಗೆ ಹಿಡಿದು ನಿಂತಿದ್ದ. ಟೈಯವನ ಹೆಂಡತಿಯ ತವರಿನವರೆಗೂ ಮಾತು ಬೆಳೆದ ಮೇಲೆ ಮೆಕ್ಯಾನಿಕ್ಕಿಗೆ ಬಾಗಿಲು ಕುಟ್ಟಲು ಅಪ್ಪಣೆ ಸಿಕ್ಕಿತು. ಟೈಯವನು ಬೆವೆತು ಹೊರಬಂದು, ಮೂರನೇ ಮಹಡಿ ಹತ್ತಿ ಬಂದು ಅಕ್ಕನ ಕೈ ಹಿಡಿದುಕೊಂಡ. ಇನ್ನು ಚೌಕಾಸಿ ಮಾಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಅಕ್ಕ ಇದನ್ನು ಗಮನಿಸದೆ ಬಿಟ್ಟಾಳೆಯೇ?

ಅವನು ತಂದ ಸಾಮಾನಿನಲ್ಲಿ ಫೋನಿನ ಜೊತೆ ಒಂದು ಕರಿ ಬ್ಯಾಟರಿ ಪೆಟ್ಟಿಗೆಯೂ ಇತ್ತು.

"ಇದೇನು?"

"ಕರೆಂಟು ಹೋದಾಗ ಬೇಕಾಗುತ್ತೆ ಮೇಡಂ."

ಅಕ್ಕ ತಮ್ಮನ ಕಡೆ ನೋಡಿ ನಕ್ಕಳು. ಬೇಡದ್ದನ್ನು ಗಂಟು ಹಾಕುವ ಕಲೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. "ಕರೆಂಟು ಹೋದ್ರೆ ನಮ್ಮ ಕೆಲಸ ಶುರುವಾಗೋದು ಕಣಪ್ಪ. ನಮಗೇ ಕರೆಂಟಿನ ಪಾಠ ಹೇಳ್ತೀಯಾ? ಇಷ್ಟು ವರ್ಷ ಎಷ್ಟು ಸಲ ಕರೆಂಟು ಹೋಗಿಲ್ಲ, ನನ್ನ ಫೋನು ಒಂದು ದಿನವಾದ್ರೂ ನಿಂತಿದ್ಯಾ? ಈ ಪೆಟ್ಟಿಗೆ ವಾಪಸ್ ತಗೊಂಡು, ಆ ಕಿವಿಗೆ ಹಾಕ್ಕೊಳೋದು ಇದೆಯಲ್ಲ, ಅದನ್ನ ಕೊಡು."

ಟೈಯವನು ಏನೋ ಹೇಳಲು ಬಾಯಿ ತೆರೆದ. ಕೆಳಗಿನ ಡಬ್ಬ ನೆನಪಾಯಿತೋ ಏನೋ, ಮುಚ್ಚಿಕೊಂಡ. ಹೀಗೆ ಬ್ಯಾಟರಿಯ ಬದಲಿಗೆ ಹೆಡ್‌ಫೋನ್ ಬಂತು. ಬಾಯಿಯ ಮುಂದಕ್ಕೆ ಕಡ್ಡಿ ಚಾಚಿಕೊಂಡಿದ್ದ ಆ ಹೆಡ್‌ಫೋನ್ ಹಾಕಿಕೊಂಡು ಅಕ್ಕ ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡಳು. ವಿಮಾನ ಇಳಿಸುವವಳ ಹಾಗೆ ಕಾಣುತ್ತಿದ್ದೇನೆ ಅನ್ನಿಸಿತು. ಬಟಾಣಿ ಬಿಡಿಸಲು ಎರಡೂ ಕೈ ಖಾಲಿಯಾದದ್ದು ಇನ್ನೊಂದು ಲಾಭ. ಹಳೇ ನಂಬರನ್ನು ಹೊಸ ಫೋನಿಗೇ ಕೊಡಿಸಿಕೊಂಡರು. ಗೋಡೆಯ ಹಳೇ ತಂತಿಯನ್ನು ಕಿತ್ತು ಸುರುಳಿ ಸುತ್ತಿ ಗೋದಾಮಿಗೆ ಎಸೆದರು.

ತಮ್ಮನಿಗೂ ಒಂದು ಫೋನು ಬಂದಿತ್ತು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಅವನು ಅಕ್ಕನಿಗೆ ಕರೆ ಮಾಡಿ "ಚಹಾ ತರಿಸ್ಲಾ?" ಎಂದು ಕೇಳುತ್ತಿದ್ದ. ಅಕ್ಕ "ಸ್ವಲ್ಪ ಲೈನಲ್ಲಿರಿ" ಎಂದು ಹೇಳಿ, ಚಹಾ ಬೇಕೋ ಬೇಡವೋ ಯೋಚಿಸಿ, ಆಮೇಲೆ ಉತ್ತರ ಕೊಡುತ್ತಿದ್ದಳು. ಮೇಷ್ಟ್ರು ಸಿಕ್ಕಿಕೊಂಡಾಗ "ದನಿ ಬಹಳ ಹತ್ತಿರ ಬಂದಿದೆಯಲ್ಲಮ್ಮ" ಎಂದು ಹೊಗಳಿದರು. ಅವಳ ಕಾಲು ನೆಲದ ಮೇಲೆ ನಿಲ್ಲದಂತಾಯಿತು.

ಒಂದು ಮಧ್ಯಾಹ್ನ ಊಟವಾಗಿ ಕಣ್ಣೆಳೆಯುವ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಅಕ್ಕ ಸಟ್ಟನೆ ನೆಟ್ಟಗೆ ಕೂತಳು, ಹೆಡ್‌ಫೋನ್ ಸರಿಮಾಡಿಕೊಂಡು ಫೋನಿನ ಮೇಲೆ ಕೈಯಿಟ್ಟು ಕಾದಳು. ಎಷ್ಟು ಕರೆ ಬಂದರೂ ಬರಲಿ, ಇವತ್ತು ಯಾರಿಗೂ ಎಂಗೇಜಿಲ್ಲ. ಫೋನು ಸುಮ್ಮನಿತ್ತು. ಪರದೆ ಕಪ್ಪಾಗಿತ್ತು, ಆದರೆ ಮುಟ್ಟದೆ ಬಿಟ್ಟರೆ ಅದು ಯಾವಾಗಲೂ ಹಾಗೇ ಕಪ್ಪಾಗುತ್ತಿತ್ತು. ಹೊತ್ತು ಸರಿಯಿತು. ಫೋನು ಸುಮ್ಮನೇ ಇತ್ತು.

"ನೋಡಿದ್ಯಾ ಅಕ್ಕ," ಎಂದ ತಮ್ಮ, ಶರಟಿನ ಗುಂಡಿ ಬಿಚ್ಚಿ ಗಾಳಿ ಹಾಕಿಕೊಳ್ಳುತ್ತ. "ಒಂದು ಕರೆನೂ ಇಲ್ಲ. ನಮ್ಮ ಸರ್ವಿಸಿಂಗ್ ಹೇಗಾಗಿದೆ ನೋಡು. ಕರೆಂಟು ಹೋದ್ರೂ ನಮ್ಮ ಲಿಫ್ಟು ನಿಲ್ಲಲ್ಲ ಅಂತ ಬಿಲ್ಡರ್‌ಗೆ ಹೇಳಬೇಕು."

"ಹೌದು ಕಣೋ," ಎಂದಳು ಅಕ್ಕ. ಅವಳಿಗೂ ಹೆಮ್ಮೆಯಾಯಿತು. ಕರೆಂಟಿಲ್ಲದೆ ಲಿಫ್ಟು ಹೇಗೆ ಓಡುತ್ತದೆ ಎನ್ನುವುದು ಲಿಫ್ಟಿನ ಅನ್ನವನ್ನೇ ಉಂಡು ತಲೆ ನೆರೆತ ಈ ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಅಕ್ಕ ಬಟಾಣಿ ಮುಂದುವರಿಸಿದಳು. ತಮ್ಮ ಕುರ್ಚಿಗೆ ಒರಗಿ ಸಣ್ಣಗೆ ಗೊರಕೆ ತೆಗೆದ.

ಆಗ ಚೀಲದೊಳಗಿನ ಅವಳ ಮೊಬೈಲು ಹೊಡೆದುಕೊಂಡಿತು. ಮೆಕ್ಯಾನಿಕ್. ಅವನ ದನಿ ಕೂಗಿ ಕೂಗಿ ಒಡೆದಿತ್ತು.

"ಅಕ್ಕ, ಆಫೀಸ್ ಫೋನ್ ಯಾಕೆ ಎತ್ತಿಲ್ಲ? ನಾನಿಲ್ಲಿ ಒಂದು ಕಡೆ ಬಾಗಿಲು ತೆಗೀತಿದ್ದೀನಿ, ಇನ್ನೆರಡು ಕಡೆಯಿಂದ ವಾಚ್‌ಮನ್‌ಗಳು ನನಗೇ ಫೋನ್ ಮಾಡ್ತಿದ್ದಾರೆ. ಮೇಷ್ಟ್ರೂ ಸಿಕ್ಕಿಕೊಂಡಿದ್ದಾರಂತೆ. ಆವಾಗಿನಿಂದ ಒಳಗಿಂದ ಫೋನ್ ಮಾಡ್ತಾನೇ ಇದ್ದಾರಂತೆ, ಯಾರೂ ಎತ್ತುತ್ತಿಲ್ವಂತೆ."

ಅಕ್ಕ ಹೊಸ ಫೋನಿನ ಗುಂಡಿ ಒತ್ತಿದಳು. ಇನ್ನೊಂದು ಒತ್ತಿದಳು. ಎಲ್ಲವನ್ನೂ ಒತ್ತಿದಳು. ಅದು ಸತ್ತು ಬಿದ್ದಿತ್ತು. ಹಳೇ ಫೋನಿಗೆ ಬೇಕಾದ ಕರೆಂಟು ಅದರ ತಂತಿಯಲ್ಲೇ ಬರುತ್ತಿತ್ತು, ಇದಕ್ಕೆ ಗೋಡೆಯ ಪ್ಲಗ್ಗೇ ಗತಿ. ಕರಿ ಪೆಟ್ಟಿಗೆಯೂ, ತಾನು ನಕ್ಕ ನಗೆಯೂ ಒಟ್ಟಿಗೇ ಅವಳ ಕಣ್ಣ ಮುಂದೆ ಬಂದವು. ಬೀರುವಿನೊಳಗೆ ಮೇಷ್ಟ್ರನ್ನು ತಾನೇ ತಳ್ಳಿ ಚಿಲಕ ಹಾಕಿದ ಹಾಗಾಯಿತು. ಮೊಬೈಲಿನಿಂದ ಕರೆಯೋಣವೆಂದರೆ ಮೇಷ್ಟ್ರ ನಂಬರು ಸತ್ತ ಫೋನಿನೊಳಗೇ ಇತ್ತು. ತಮ್ಮನನ್ನು ಎಬ್ಬಿಸಿ, "ಮಿಕ್ಕವರ ನಂಬರು ವಾಚ್‌ಮನ್‌ಗಳನ್ನ ಕೇಳಿ, ನಿನ್ನ ಮೊಬೈಲಿಂದ ಫೋನ್ ಮಾಡೋ, ಬಾಯಿಗೆ ಬಂದದ್ದು ಮಾತಾಡು, ಸೊಸೆ ವಿಷಯ ಕೇಳು" ಎಂದು ಕೂಗಿ, ಮಂಡಿಯನ್ನು ಮರೆತು ಮೂರು ಮಹಡಿ ಇಳಿದಳು.

ಮೇಷ್ಟ್ರ ರಸ್ತೆಗೆ ಅವಳು ಹಿಂದೆಂದೂ ಬಂದಿರಲಿಲ್ಲ. ತಲೆಯ ಮೇಲೆ ಇನ್ನೂ ಹೆಡ್‌ಫೋನ್, ಅದರ ತಂತಿ ಬೆನ್ನಿಗೆ ಬಡಿಯುತ್ತಿತ್ತು. ಅಂಗಡಿಯವರು ಕಣ್ಣುಬಾಯಿ ಬಿಟ್ಟು ನೋಡಿದರು. ರಸ್ತೆ ಮುಗಿಯುವಂತೆಯೇ ಕಾಣಲಿಲ್ಲ, ಈ ತುದಿಯಿಂದ ಆ ತುದಿಯವರೆಗೆ ಅಡಿಗೋಲಿನಷ್ಟು ನೇರ. ಕಟ್ಟಡ ಸಿಕ್ಕಿತು. ವಾಚ್‌ಮನ್ ಮೇಲಕ್ಕೆ ಕೈ ತೋರಿಸಿದ. ಅಕ್ಕ ಮೆಟ್ಟಿಲು ಹತ್ತಿದಳು.

ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು. ಜಾಲರಿಯ ಆಚೆ, ಅವಳ ತಲೆಯ ಎತ್ತರಕ್ಕೆ, ಎರಡು ಚಪ್ಪಲಿ ಕಾಲುಗಳು ಮಾತ್ರ ಕಾಣುತ್ತಿದ್ದವು. ಒಂದು ಕಾಲಿಗೆ ಕಂದು ಕಾಲುಚೀಲ, ಇನ್ನೊಂದಕ್ಕೆ ಬೂದು. ಮೇಲಿನಿಂದ ಸಣ್ಣ ದನಿ ಕೇಳುತ್ತಿತ್ತು. ಮೇಷ್ಟ್ರು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದರು.

"ಮಾತ್ರೆ ತಗೊಂಡ್ರಾ ಮೇಷ್ಟ್ರೇ? ತಗೊಂಡೆ ಕಣಮ್ಮ. ಬೆಳಿಗ್ಗೆ ಏನು ತಿಂದ್ರಿ? ಏನೋ ತಿಂದೆ ಕಣಮ್ಮ."

ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಅಕ್ಕ ಜಾಲರಿ ಹಿಡಿದುಕೊಂಡಳು.

"ಮೇಷ್ಟ್ರೇ, ನಾನು."

ಕಾಲುಗಳು ಅಲ್ಲಾಡಲಿಲ್ಲ. "ಈ ಸಲ ನಿಜವಾಗ್ಲೂ ಹತ್ತಿರ ಇದೆಯಲ್ಲ ದನಿ?"

"ಕೆಳಗಿದ್ದೀನಿ. ನಿಮ್ಮ ಕಾಲ ಹತ್ತಿರ. ಫೋನು ಸತ್ತುಹೋಗಿತ್ತು ಮೇಷ್ಟ್ರೇ. ನನ್ನದೇ ತಪ್ಪು. ಬ್ಯಾಟರಿ ಬೇಡ ಅಂದೆ, ಇದು ಬೇಕು ಅಂದೆ." ತಲೆಯ ಮೇಲಿನದನ್ನು ಕಿತ್ತು ತೋರಿಸಿದಳು. ಮೇಷ್ಟ್ರಿಗೆ ಅದು ಕಾಣುವಂತಿರಲಿಲ್ಲ.

"ಹೋಗ್ಲಿ ಬಿಡಿ. ನೀವೊಂದು ಸಲ ಹೀಗೆ ಸಿಕ್ಕಿಕೊಂಡು ನೋಡಬೇಕು."

"ನಾನು ಲಿಫ್ಟೇ ಹತ್ತಲ್ಲ. ನನಗೆ ಹೆದರಿಕೆ."

ಮೇಲೆ ಮೇಷ್ಟ್ರು ನಗತೊಡಗಿದರು. ಲಿಫ್ಟು ಕಿರುಗುಟ್ಟುವಷ್ಟು ನಕ್ಕರು. ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೆಕ್ಯಾನಿಕ್ ಎಲ್ಲಿದ್ದಾರಮ್ಮ?" ಎಂದರು, ನಗು ಇಳಿದ ಮೇಲೆ.

ಬಾಯಿಗೆ ಅಭ್ಯಾಸವಾದ ಮಾತು ತಾನಾಗಿಯೇ ಹೊರಬಿತ್ತು. "ಬಂದೇಬಿಟ್ರು. ನಿಮ್ಮ ರಸ್ತೆ ತಿರುವಿನಲ್ಲೇ ಇದ್ದಾರೆ."

"ನಮ್ಮ ರಸ್ತೆಗೆ ತಿರುವೇ ಇಲ್ಲ ಕಣಮ್ಮ," ಎಂದರು ಮೇಷ್ಟ್ರು. "ಈಗ ತಾನೇ ಬಂದ್ರಲ್ಲ, ನೋಡಲಿಲ್ವಾ?"

ಓಡಿ ಬಂದ ನೇರ ರಸ್ತೆ ಅಕ್ಕನ ಕಣ್ಣಿಗೆ ಕಟ್ಟಿತು. "ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಹೇಳೋದು ನಿಲ್ಲಿಸಿಬಿಡ್ತಿದ್ರಿ."

ಮೆಕ್ಯಾನಿಕ್ ಬರುವವರೆಗೆ ಇಬ್ಬರೂ ಮಾತಾಡಿದರು. ಮೇಷ್ಟ್ರಿಗೆ ಸೊಸೆಯೇ ಇಲ್ಲ ಎನ್ನುವುದು ಅಕ್ಕನಿಗೆ ತಿಳಿದದ್ದು ಆವತ್ತೇ. ಇಷ್ಟು ದಿನ ಅವಳ ಸಮಾಧಾನಕ್ಕೆ ಅವರೂ ಒಬ್ಬಳನ್ನು ಹುಟ್ಟಿಸಿಕೊಂಡಿದ್ದರು.

ಬಿಲ್ಡರ್ ಪರೀಕ್ಷೆ ಮಾಡಲೆಂದು ಸರಿಯಾಗಿ ಅದೇ ಮಧ್ಯಾಹ್ನ ಕಾಲ್ ಸೆಂಟರಿಗೆ ಫೋನು ಮಾಡಿದ್ದನಂತೆ. ಟವರುಗಳು ಬೇರೆಯವರ ಪಾಲಾದವು. ತಮ್ಮ ಒಂದು ವಾರ ಮುಖ ಗಂಟಿಕ್ಕಿಕೊಂಡು ತಿರುಗಿದ, ಮೇಜಿನ ಆ ತುದಿಯಿಂದ ಚಹಾಕ್ಕೆ ಕರೆ ಮಾಡುವುದನ್ನೂ ನಿಲ್ಲಿಸಿದ. ಅಕ್ಕ ಟೈಯವನನ್ನು ಕರೆಸಿ ಹೆಡ್‌ಫೋನ್ ವಾಪಸು ಕೊಟ್ಟು ಕರಿ ಪೆಟ್ಟಿಗೆ ತೆಗೆದುಕೊಂಡಳು. ಚೌಕಾಸಿ ಮಾಡಲಿಲ್ಲ. ಅವನು ಗಾಬರಿಯಾಗಿ ಎರಡೆರಡು ಸಲ ಅವಳ ಮುಖ ನೋಡಿದ.

ಮುಂದಿನ ಸಲ ಕರೆಂಟು ಹೋದಾಗ ಪೆಟ್ಟಿಗೆಯ ಮೇಲೆ ಹಸಿರು ದೀಪವೊಂದು ಉರಿಯಿತು. ಫೋನು ಹೊಡೆದುಕೊಂಡಿತು.

"ನಾನೇ ಕಣಮ್ಮ, ಮತ್ತೆ. ಮೆಕ್ಯಾನಿಕ್ ಎಲ್ಲಿದ್ದಾರೆ?"

ಮೆಕ್ಯಾನಿಕ್ ಮೂಲೆಯ ನಲ್ಲಿಯ ಹತ್ತಿರ ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದ. ಅಕ್ಕ ಅವನನ್ನು ನೋಡಿದಳು. ಇನ್ನು ಮೇಷ್ಟ್ರಿಗೆ ಸುಳ್ಳು ಹೇಳಬಾರದು ಎಂದು ತೀರ್ಮಾನಿಸಿಕೊಂಡಿದ್ದಳು.

"ಇಲ್ಲೇ ಇದ್ದಾನೆ ಮೇಷ್ಟ್ರೇ. ಕೈ ತೊಳೀತಾ ಇದ್ದಾನೆ. ಇನ್ನೂ ಹೊರಟೇ ಇಲ್ಲ."

ಆ ಕಡೆ ಉಸಿರಾಟವಷ್ಟೇ ಕೇಳಿಸಿತು. ಹೊಸ ಫೋನು ಅದನ್ನೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಹಾಗೆ ಬೇಡಮ್ಮ," ಎಂದರು ಮೇಷ್ಟ್ರು. "ಇಲ್ಲಿ ಕತ್ತಲೆ ಇದೆ. ಮೊದಲಿನ ಹಾಗೇ ಹೇಳಿ."

ಅಕ್ಕ ರಿಸೀವರನ್ನು ಭುಜಕ್ಕೆ ಸಿಕ್ಕಿಸಿಕೊಂಡು ಬಟಾಣಿಯ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬಂದೇಬಿಟ್ರು ಮೇಷ್ಟ್ರೇ. ನಿಮ್ಮ ರಸ್ತೆ ತಿರುವಿನಲ್ಲೇ ಇದ್ದಾರೆ. ಸೊಸೆ ಹೇಗಿದ್ದಾಳೆ?"